ಮೇಜಿಗೊಬ್ಬಳು ಮಹಾರಾಣಿ

ಜಕಾರ್ತಾ
೪ ಅಕ್ಟೋಬರ್ ೧೯೯೫

ಪ್ರೀತಿಯ ನಾಂಬೋರು,

ಹೊರಾಸ್, ಕ್ಷೇಮವೇ? ಅಪ್ಪನ ಒಡಹುಟ್ಟಿದವರಲ್ಲಿ ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡುವವರು ಅಕ್ಕನಾದ ನೀವೊಬ್ಬರೇ. ಆದ್ದರಿಂದ ಸುತ್ತಿ ಬಳಸದೆ ಮೂರು ವಿಷಯ ಹೇಳಿಬಿಡುತ್ತೇನೆ.

ಮೊದಲನೆಯದು. ನಮ್ಮ ಸಲಹಾ ಕಂಪನಿಯಲ್ಲಿ ಬರೀ ಪದವಿ ಮುಗಿಸಿ ಸೇರಿದ ನನ್ನಂಥ ಅನಲಿಸ್ಟರಿಗೆ ಎರಡೂವರೆ ವರ್ಷದ ಆಯಸ್ಸು. ಅಷ್ಟರೊಳಗೆ ವಿದೇಶದ ಒಳ್ಳೆಯ ಶಾಲೆಯಲ್ಲಿ ಎಂ.ಬಿ.ಎ.ಗೆ ಸೀಟು ಗಿಟ್ಟಿಸಿದರೆ ಕಂಪನಿಯೇ ಓದಿಸಿ, ಮರಳಿದ ಮೇಲೆ ಎರಡು ಮೆಟ್ಟಿಲು ಮೇಲಿನ ಕುರ್ಚಿ ಕೊಡುತ್ತದೆ. ಸೀಟು ಸಿಗದಿದ್ದರೆ ಒಂದು ಊಟ ಹಾಕಿಸಿ, ಬೆನ್ನು ತಟ್ಟಿ, ಬಾಗಿಲು ತೋರಿಸುತ್ತದೆ. ನನ್ನ ಗಡುವು ಬರುವ ಜೂನ್. ನನ್ನ ಜೊತೆ ಸೇರಿದ ಆರು ಜನರಲ್ಲಿ ಇಬ್ಬರು ಆಗಲೇ ಊಟ ಮಾಡಿ ಹೋದರು. ಒಬ್ಬ ಈಗ ಬಾಂಡುಂಗ್‌ನಲ್ಲಿ ಮಾವನ ಟೈರ್ ಅಂಗಡಿ ನೋಡಿಕೊಳ್ಳುತ್ತಿದ್ದಾನೆ. ಅಷ್ಟು ಬುದ್ಧಿಗೆ ಟೈರೇ ಸರಿ.

ಎರಡನೆಯದು. ಇಂಗ್ಲೆಂಡಿನ ಶಾಲೆಯೊಂದಕ್ಕೆ ಅರ್ಜಿ ಹಾಕುತ್ತಿದ್ದೇನೆ. ಅವರಿಗೆ ಮೂರು ಶಿಫಾರಸು ಪತ್ರ ಬೇಕು. ನಮ್ಮ ಕಂಪನಿಯ ದೊಡ್ಡವರಿಬ್ಬರ ಪತ್ರ ತಯಾರಾಗಿವೆ. ತಯಾರಾಗಿವೆ ಎಂದರೆ, ನಾನು ಬರೆದೆ, ಅವರು ಸಹಿ ಹಾಕಿದರು. ಇಲ್ಲಿ ರೂಢಿಯೇ ಹಾಗೆ, ಅವರಿಗೆ ಪುರುಸೊತ್ತಿಲ್ಲ. ಅವರಲ್ಲೊಬ್ಬರು ಫೋನಿನಲ್ಲಿ ಮಾತಾಡುತ್ತಲೇ ಸಹಿ ಗೀಚಿದರು. ನನ್ನನ್ನು ಹೆಣ್ಣೆಂದು ಬರೆದಿದ್ದರೂ ಸಹಿ ಬೀಳುತ್ತಿತ್ತು.

ಮೂರನೆಯದು ನೀವು. ಒಂದು ಪತ್ರ ನಮ್ಮ ಸಲಹೆ ಪಡೆದ ಗಿರಾಕಿಯಿಂದ ಬರಬೇಕು. ಹೋದ ವರ್ಷ ನಿಮ್ಮ ಸಾಬೂನು ಕಾರ್ಖಾನೆಯಲ್ಲಿ ನಾಲ್ಕು ತಿಂಗಳು ಇದ್ದೆವಲ್ಲ. ಅಲ್ಲಿ ನೀವು ಸಾಬೂನಿಗೆ ಕಾಗದ ಸುತ್ತುವ ವಿಭಾಗದ ಮುಖ್ಯಸ್ಥೆ. ಎಲ್ಲರಿಗೂ ನೀವು ಮಾವನ ಮನೆತನದ ಹೆಸರಿನ ಅಮ್ಮಾವ್ರು, ಬು ಹುತಾಗಾಲುಂಗ್. ನಾವಿಬ್ಬರೂ ಮಾರ್ಪಾವುಂಗ್ ಮನೆತನದವರೆಂದು ಇಂಗ್ಲೆಂಡಿನಲ್ಲಿ ಯಾರಿಗೆ ಗೊತ್ತಾಗಬೇಕು? ನಿಮ್ಮ ಪರವಾಗಿ ಬರೆದ ಪತ್ರ ಇದರೊಂದಿಗಿದೆ. ಸಹಿ ಹಾಕಿ, ಲಕೋಟೆಗೆ ಹಾಕಿ ಅಂಟಿಸಿ, ಅಂಟಿಸಿದ ಜಾಗದ ಮೇಲೆ ಅಡ್ಡಲಾಗಿ ಇನ್ನೊಂದು ಸಹಿ ಹಾಕಿ ನನಗೆ ಕಳುಹಿಸಿ. ಆ ಸಹಿ ಮುರಿದಿದ್ದರೆ ಶಾಲೆಯವರು ಲಕೋಟೆಯನ್ನು ಕಸಕ್ಕೆ ಹಾಕುತ್ತಾರೆ. ಡಿಸೆಂಬರ್ ಹದಿನೈದರೊಳಗೆ ನನ್ನ ಕೈಸೇರಬೇಕು.

ನಿಮಗೆ ಎರಡು ನಿಮಿಷದ ಕೆಲಸ.

ನಿಮ್ಮ ತಮ್ಮನ ಮಗ,
ಬಿನ್ಸಾರ್


ಮೆದಾನ್
೧೭ ಅಕ್ಟೋಬರ್ ೧೯೯೫

ಅಪ್ಪಾ ಬಿನ್ಸಾರ್,

ನಿನ್ನ ಕಾಗದ ಬಂತು. ನಾನು ಬರೆದ ಪತ್ರವೂ ಬಂತು. ಇಷ್ಟು ಚಂದದ ಇಂಗ್ಲಿಷ್ ನನಗೆ ಬರುತ್ತದೆಂದು ನನಗೇ ತಿಳಿದಿರಲಿಲ್ಲ. ಬಾಲಿಗೆ ಊರಿನ ಶಾಲೆಯಲ್ಲಿ ನನ್ನ ಗೆಣ್ಣಿಗೆ ಹೊಡೆದು ಇಂಗ್ಲಿಷ್ ಕಲಿಸಿದ ಸಿಸ್ಟರ್ ಬದುಕಿದ್ದರೆ ಓದಿ ಅತ್ತುಬಿಡುತ್ತಿದ್ದರು.

‘ಬಿನ್ಸಾರ್ ನನ್ನ ವಿಚಾರದ ದಿಕ್ಕನ್ನೇ ಬದಲಿಸಿದರು’ ಎಂದು ಬರೆದಿದ್ದೇನಂತೆ. ನೀನು ನನ್ನ ಮಡಿಲಲ್ಲಿ ಉಚ್ಚೆ ಹೊಯ್ದದ್ದು ನೆನಪಿದೆ, ವಿಚಾರದ ದಿಕ್ಕು ಬದಲಿಸಿದ್ದು ನೆನಪಿಲ್ಲ. ‘ನಾಯಕತ್ವ’ ಎನ್ನುವ ಮಾತು ಹನ್ನೊಂದು ಸಲ ಬಂದಿದೆ, ಬೆರಳಿಟ್ಟು ಎಣಿಸಿದೆ. ‘ಸಾಬೂನು’ ಒಂದು ಸಲವೂ ಬಂದಿಲ್ಲ. ಇದನ್ನು ಓದಿದವರು ನಾನು ಅಲ್ಲಿ ಏನು ಮಾಡಿಸುತ್ತೇನೆಂದು ತಿಳಿದಾರು, ಕ್ಷಿಪಣಿಯೇ?

ಎರಡನೆಯ ಪುಟದಲ್ಲಿ ಒಂದು ಸಾಲಿದೆ: ‘ಇಪ್ಪತ್ತನಾಲ್ಕು ಹೆಚ್ಚುವರಿ ಹುದ್ದೆಗಳನ್ನು ಗುರುತಿಸಿದರು.’ ಅಲ್ಲಿ ನನ್ನ ಕನ್ನಡಕ ನಿಂತಿತು. ನೀನು ಅದನ್ನು ಮರೆತಿರಬಹುದು, ನಿನಗೆ ಬೇರೆ ಊರುಗಳಿವೆ. ನಾನು ದಿನಾ ಅದೇ ಹಜಾರಕ್ಕೆ ಹೋಗುವವಳು.

ಇಪ್ಪತ್ತನಾಲ್ಕು ಮೇಜು, ಮೇಜಿಗೆ ಏಳು ಹೆಂಗಸರು. ನೀನು ಸ್ಟಾಪ್‌ವಾಚ್ ಹಿಡಿದು ಬಂದು ನೋಡಿದೆ. ಆರು ಜನ ಕಾಗದ ಸುತ್ತುತ್ತಿದ್ದರು, ಏಳನೆಯವಳು ಕೈಕಟ್ಟಿ ಕೂತಿದ್ದಳು. ಪ್ರತಿ ಮೇಜಿನಲ್ಲೂ ಹಾಗೆಯೇ. ನಿನ್ನ ರಿಪೋರ್ಟಿನಲ್ಲಿ ಅವಳು ಹೆಚ್ಚುವರಿಯಾದಳು. ಮೇಜಿಗೊಬ್ಬಳಂತೆ ಇಪ್ಪತ್ತನಾಲ್ಕು ಜನ ಮನೆಗೆ ಹೋದರು.

ಏಳನೆಯವಳು ಎಂದು ಯಾರೂ ಇರಲಿಲ್ಲವೋ ಮಾರಾಯ. ಅದು ಆಳಲ್ಲ, ಸರದಿ. ಹಸಿ ಸಾಬೂನಿನ ಸೋಡಾ ಬೆರಳು ತಿನ್ನುತ್ತದೆ. ಅರ್ಧ ಗಂಟೆಗೊಮ್ಮೆ ಗಂಟೆ ಹೊಡೆದಾಗ ಒಬ್ಬಳು ಹಿಂದೆ ಸರಿದು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರುತ್ತಾಳೆ, ಮೊದಲು ಕೂತಿದ್ದವಳು ಎದ್ದು ಸುತ್ತಲು ಹೋಗುತ್ತಾಳೆ. ನನ್ನ ಅತ್ತೆಯ ಕಾಲದಿಂದಲೂ ಅಲ್ಲಿ ಹಾಗೆಯೇ. ಒಂದು ಗಂಟೆ ಹೊತ್ತು ಒಂದೇ ಮೇಜಿನ ಹತ್ತಿರ ನಿಂತಿದ್ದರೆ ಕುರುಡನಿಗೂ ಗೊತ್ತಾಗುತ್ತಿತ್ತು.

ಇದನ್ನು ಪತ್ರದಲ್ಲಿ ಬರೆ. ಆಮೇಲೆ ಸಹಿಯ ಮಾತು.

ಒಣ ನೆತ್ತೋಲಿ ಕಳುಹಿಸಿದ್ದೇನೆ. ಅದರಲ್ಲಿ ಹೆಚ್ಚುವರಿ ಮೀನು ಎಷ್ಟಿವೆ ನೋಡಿ ಹೇಳು.

ನಿನ್ನ ನಾಂಬೋರು,
ರುಮೊಂದಾಂಗ್


ಜಕಾರ್ತಾ
೨ ನವೆಂಬರ್ ೧೯೯೫

ಪ್ರೀತಿಯ ನಾಂಬೋರು,

ನೆತ್ತೋಲಿ ತಲುಪಿತು. ಬಾಡಿಗೆ ಕೋಣೆಯ ಯಜಮಾನಿ ವಾಸನೆಗೆ ಮೂಗು ಮುರಿದರು, ಹುರಿದ ಮೇಲೆ ಅವರೇ ಅರ್ಧ ತಿಂದರು.

ನಿಮ್ಮ ಮಾತಿಗೆ ಮೂರು ಉತ್ತರ. ಒಂದು, ಮೇಜಿಗೆ ಹದಿನೈದು ನಿಮಿಷ ಎಂದು ನಮ್ಮ ಕೈಪಿಡಿಯಲ್ಲೇ ಇದೆ. ‘ಮುಖ ನೋಡಬೇಡಿ, ಕೈ ನೋಡಿ’ ಎಂದು ಮೊದಲ ವಾರ ಕಲಿಸುತ್ತಾರೆ. ಮುಖ ನೋಡುತ್ತಾ ಕೂತವನ ಲೆಕ್ಕ ದಾರಿ ತಪ್ಪುತ್ತದೆ. ಗಂಟೆ ಹೊಡೆಯುವ ಹೊತ್ತಿಗೆ ನಾನು ಮುಂದಿನ ಮೇಜಿಗೆ ಹೋಗಿರುತ್ತಿದ್ದೆ, ನಿಜ. ಆದರೆ ಇದು ಕ್ರಮ, ಅಸಡ್ಡೆಯಲ್ಲ. ಎರಡು, ನಾವು ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ನಾವು ಸಲಹೆ ಕೊಡುವವರು, ತೆಗೆದದ್ದು ನಿಮ್ಮ ಮಾಲೀಕರು. ಮೂರು, ಅಷ್ಟು ವರ್ಷದಿಂದ ನಡೆದುಬಂದ ಸರದಿಯನ್ನು ನಿಮ್ಮ ಕಾರ್ಖಾನೆಯಲ್ಲಿ ಒಬ್ಬರಾದರೂ ಒಂದು ಹಾಳೆಯ ಮೇಲೆ ಬರೆದಿಟ್ಟಿರಲಿಲ್ಲ. ಮೆದಾನ್‌ನಲ್ಲಿ ಎಲ್ಲವೂ ಬಾಯಿಮಾತು. ಬಾಯಿಮಾತಿನ ಮೇಲೆ ಕಾರ್ಖಾನೆ ನಡೆಸುವವರಿಗೆ ನಮ್ಮಂಥವರು ಬೇಕಾಗುವುದೇ ಅದಕ್ಕೆ.

ನಿಮ್ಮಿಂದ ಮುಚ್ಚಿಡುವುದೇನು, ಆ ಇಪ್ಪತ್ತನಾಲ್ಕರಿಂದಲೇ ನನಗೆ ಆ ವರ್ಷದ ಅತ್ಯುತ್ತಮ ಅನಲಿಸ್ಟ್ ಎಂಬ ಹೆಸರು ಬಂತು. ಅರ್ಜಿಯಲ್ಲಿ ಹೇಳಿಕೊಳ್ಳಲು ನನ್ನ ಬಳಿ ಅದಕ್ಕಿಂತ ದೊಡ್ಡದೇನೂ ಇಲ್ಲ. ಅದನ್ನು ತೆಗೆದರೆ ನಾನು ಟೈರ್ ಅಂಗಡಿಗೇ.

ಆದರೂ ನಿಮ್ಮ ಮಾತನ್ನು ಗೌರವಿಸಿ ತಿದ್ದಿದ್ದೇನೆ. ಹೊಸ ಪತ್ರದ ಮೂರನೆಯ ಪ್ಯಾರಾ ನೋಡಿ: ‘ಕಾರ್ಮಿಕ ಮಹಿಳೆಯರ ಕೈಗಳ ಆರೋಗ್ಯದ ಬಗ್ಗೆ ಬಿನ್ಸಾರ್ ಅಪಾರ ಕಾಳಜಿ ತೋರಿದರು.’ ‘ಸಾಬೂನು’ ನಾಲ್ಕು ಸಲ ಬರುತ್ತದೆ.

ಅಪ್ಪ ನಿನ್ನೆ ಫೋನ್ ಮಾಡಿ ಎಂ.ಬಿ.ಎ.ಯಲ್ಲಿ ಚುಕ್ಕಿ ಎಲ್ಲೆಲ್ಲಿ ಬರುತ್ತದೆ ಎಂದು ಕೇಳಿದರು. ಯಾಕೆಂದು ಹೇಳಲಿಲ್ಲ.

ನಿಮ್ಮ,
ಬಿನ್ಸಾರ್


ಮೆದಾನ್
೧೩ ನವೆಂಬರ್ ೧೯೯೫

ಬಿನ್ಸಾರ್,

ಚುಕ್ಕಿ ಯಾಕೆ ಬೇಕಿತ್ತೆಂದು ನಾನು ಹೇಳುತ್ತೇನೆ. ಮೊನ್ನೆ ಭಾನುವಾರ ಚರ್ಚ್ ಮುಗಿಸಿ ನಿನ್ನ ಅಪ್ಪ ನಮ್ಮ ಮನೆಗೆ ಬಂದ. ಕಂಕುಳಲ್ಲಿ ನಿನ್ನ ತಂಗಿ ಲಾಮ್ರಿಯಾಳ ಮದುವೆಯ ಕಾರ್ಡಿನ ಕಟ್ಟು. ಸಾವಿರದ ಇನ್ನೂರು ಕಾರ್ಡು ಅಚ್ಚಾಗಿದೆ. ಕರೆಯುವವರ ಸಾಲಿನಲ್ಲಿ ವಧುವಿನ ಅಣ್ಣ ಬಿನ್ಸಾರ್ ಮಾರ್ಪಾವುಂಗ್, ಹೆಸರಿನ ಬೆನ್ನಿಗೇ ಎಂ.ಬಿ.ಎ. ಚಿನ್ನದ ಅಕ್ಷರ, ಚುಕ್ಕಿಗಳೆಲ್ಲ ಸರಿಯಾಗಿವೆ.

‘ಇನ್ನೂ ಅರ್ಜಿಯೇ ಹೋಗಿಲ್ವಲ್ಲೋ’ ಅಂದೆ. ‘ಹೋಗತ್ತಲ್ಲಕ್ಕಾ. ಗಂಡಿನ ಕಡೆಯೋರ ಕಾರ್ಡ್ ನೋಡು, ಅವನ ಚಿಕ್ಕಪ್ಪನಿಗೆ ಮೂರು ಡಿಗ್ರಿ. ನಮ್ಮ ಕಡೆ ಹುಡುಗನ ಹೆಸರು ಬೋಳಾಗಿ ನಿಲ್ಲಬೇಕಾ?’ ಅಂದ. ನಮ್ಮ ಜನಕ್ಕೆ ಈ ರೋಗ ಹುಟ್ಟಿನಿಂದ ಬಂದದ್ದು. ಸಮಾಧಿಯ ಕಲ್ಲಿನ ಮೇಲೂ ಡಿಗ್ರಿ ಕೆತ್ತಿಸುತ್ತಾರೆ, ದೇವರು ಬಾಗಿಲಲ್ಲಿ ಸರ್ಟಿಫಿಕೇಟ್ ಕೇಳುವವನ ಹಾಗೆ. ಕಾರ್ಡು ಊರೆಲ್ಲ ಹಂಚಿ ಆಗಿದೆ. ನೀನು ಪಾಸಾಗುವ ಮೊದಲೇ ನಿನ್ನ ಹೆಸರು ಪಾಸಾಗಿ ಕೂತಿದೆ.

ಇನ್ನು ನಿನ್ನ ಅಪಾರ ಕಾಳಜಿ. ಆ ಸಾಲು ಓದಿ ನಾನು ನಗಲಿಲ್ಲ. ಹೋಗಿ ಕೈ ತೊಳೆದುಕೊಂಡು ಬಂದೆ. ಈಗ ಮೇಜಿಗೆ ಆರು ಜನ, ಆರೂ ಜನ ಗಂಟೆ ಗಂಟೆ ಬಿಡದೆ ಸುತ್ತುತ್ತಾರೆ. ಗೆಣ್ಣು ಒಡೆದು, ಬೆರಳ ಸಂದಿ ಸೀಳಿ, ಬಟ್ಟೆ ಸುತ್ತಿಕೊಂಡು ಬರುತ್ತಾರೆ. ಸುತ್ತಿಕೊಂಡ ಬೆರಳಿನಿಂದ ಕಾಗದದ ಮಡಿಕೆ ಕೂರುವುದಿಲ್ಲ. ಮಲ್ಲಿಗೆ ಸಾಬೂನಿನ ಬಿಳಿ ಕಾಗದದ ಮೇಲೆ ಕೆಂಪು ಚುಕ್ಕೆ ಬಿದ್ದದ್ದನ್ನು ನಾನೇ ಎತ್ತಿ ಬೇರೆ ಇಟ್ಟಿದ್ದೇನೆ. ಒಂಬತ್ತನೇ ಮೇಜಿನಲ್ಲಿ ಒಬ್ಬಳು ಕುಳ್ಳಿ ಇದ್ದಳು, ಜಾವಾ ಕಡೆಯವಳು, ಎಲ್ಲರಿಗಿಂತ ಚುರುಕು ಕೈ. ಅವಳೂ ಆ ಇಪ್ಪತ್ತನಾಲ್ಕರಲ್ಲಿ ಹೋದಳು. ಈಗ ಕಾರ್ಖಾನೆಯ ಗೇಟಿನ ಹೊರಗೆ ಬಾಳೆಹಣ್ಣು ಕರಿದು ಮಾರುತ್ತಾಳೆ.

ಹೋದ ವರ್ಷಕ್ಕಿಂತ ಈಗ ಕಡಿಮೆ ಪೆಟ್ಟಿಗೆ ಹೊರಡುತ್ತಿವೆ. ಅದಕ್ಕೆ ನಮ್ಮ ಮಾಲೀಕರು ಏನು ಮಾಡಿದರು ಗೊತ್ತೇ? ಯಾಕೆ ಕಡಿಮೆಯಾಯಿತೆಂದು ನೋಡಲು ನಿಮ್ಮ ಕಂಪನಿಯನ್ನೇ ಮತ್ತೆ ಕರೆದಿದ್ದಾರೆ. ನಿಮ್ಮದು ಎಂಥ ಕಸುಬಪ್ಪಾ! ಕಾಲು ಮುರಿದವನೇ ಊರುಗೋಲು ಮಾರುತ್ತಾನೆ, ಜನ ಕೈಮುಗಿದು ಕೊಳ್ಳುತ್ತಾರೆ.

ನಿನಗೆ ಗಡಿಯಾರ ಇತ್ತು, ಕಣ್ಣಿರಲಿಲ್ಲ. ಹದಿನೈದು ನಿಮಿಷದಲ್ಲಿ ಇಪ್ಪತ್ತನಾಲ್ಕು ಮನೆಯ ಒಲೆಗೆ ನೀರು ಹೊಯ್ದವನನ್ನು ಓದಲು ಕಳುಹಿಸಿದರೆ ಎರಡು ವರ್ಷದಲ್ಲಿ ಏನೇನು ಕಲಿತು ಬರುತ್ತಾನೋ. ಸಹಿ ಹಾಕುವುದಿಲ್ಲ.

ರುಮೊಂದಾಂಗ್


ಜಕಾರ್ತಾ
೨೦ ನವೆಂಬರ್ ೧೯೯೫

ನಾಂಬೋರು,

ಕಪಾಟಿನಿಂದ ಆ ರಿಪೋರ್ಟ್ ತೆಗೆಸಿ ಓದಿದೆ. ನಿಮ್ಮ ಹತ್ತಿರವೂ ಒಂದು ಪ್ರತಿ ಇದೆ. ಇಂಗ್ಲಿಷಿನಲ್ಲಿದೆ ಎಂದು ನೀವು ತೆರೆದಿರಲಾರಿರಿ. ಮೂವತ್ತೊಂದನೆಯ ಪುಟ ನೋಡಿ. ‘ಏಳನೆಯ ಹುದ್ದೆ: ಕೂತು ಕೂಲಿ ಪಡೆಯುವುದರ ಹೊರತು ಬೇರೆ ಕೆಲಸವಿಲ್ಲ’ ಎಂದಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಮೂಲ: ವಿಭಾಗದ ಮುಖ್ಯಸ್ಥೆಯೊಂದಿಗೆ ಮಾತುಕತೆ’ ಎಂದಿದೆ.

ನಾನು ಕೇಳದೆ ಬರೆಯಲಿಲ್ಲ. ನಿಮ್ಮ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಕೇಳಿದ್ದೆ. ‘ನಾಂಬೋರು, ಮೇಜಿಗೊಬ್ಬಳು ಸುಮ್ನೆ ಕೂತಿರ್ತಾಳಲ್ಲ, ಅವಳ ಕೆಲಸ ಏನು?’ ನೀವು ತಲೆಯೆತ್ತದೆ ಹೇಳಿದಿರಿ: ‘ಅವಳಾ? ಅವಳು ಮಹಾರಾಣಿ. ಕೂತ್ಕೊಂಡು ಕೂಲಿ ತಗೋತಾಳೆ.’ ನಾನು ನಿಮ್ಮೆದುರಿಗೇ ಬರೆದುಕೊಂಡೆ. ಹದಿನೆಂಟು ವರ್ಷ ಅಲ್ಲಿದ್ದವರ ಮಾತು, ಅದಕ್ಕಿಂತ ಒಳ್ಳೆಯ ಮೂಲ ನನಗೆಲ್ಲಿ ಸಿಗಬೇಕು?

ಮಾಲೀಕರ ಮುಂದೆ ನಾನು ಅದನ್ನು ಓದಿದ ದಿನ ನೀವು ಎರಡನೆಯ ಸಾಲಿನಲ್ಲಿ ಕೂತಿದ್ದಿರಿ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ನೀವು.

ಬಿನ್ಸಾರ್


ಮೆದಾನ್
೮ ಡಿಸೆಂಬರ್ ೧೯೯೫

ಬಿನ್ಸಾರ್,

ಮೂವತ್ತೊಂದನೆಯ ಪುಟ ನೋಡಿದೆ. ಸಣ್ಣ ಅಕ್ಷರಕ್ಕೆ ಭೂತಗನ್ನಡಿ ಹುಡುಕಬೇಕಾಯಿತು.

ಹೇಳಿದ್ದು ಹೌದು. ತಮಾಷೆಗೆ ಹೇಳಿದ್ದು. ನನ್ನ ಹಜಾರದ ಹೆಂಗಸರನ್ನು ನಾನು ಹಾಗೆ ಬಯ್ಯುತ್ತಲೇ ಬಂದವಳು, ಅವರೂ ನಕ್ಕು ಸುಮ್ಮನಾಗುತ್ತಿದ್ದರು. ಜಕಾರ್ತಾದಿಂದ ಬಂದವನ ಪುಸ್ತಕದಲ್ಲಿ ನನ್ನ ಅಸಡ್ಡೆಯ ಮಾತು ಮೂಲವಾಗುತ್ತದೆಂದು ಯಾರಿಗೆ ಗೊತ್ತಿತ್ತು? ಹಾಗೆಂದು ಬರೆದು ಮೂರು ಹಾಳೆ ಹರಿದೆ. ಗೊತ್ತಾಗಬೇಕಿತ್ತು. ಚಪ್ಪಾಳೆ ತಟ್ಟುವಾಗ ಗೊತ್ತಿತ್ತು. ನೀನು ಇಂಗ್ಲಿಷಿನಲ್ಲಿ ಇಪ್ಪತ್ತನಾಲ್ಕು ಅಂದಾಗ ನನಗೆ ಅರ್ಥವಾಗಿತ್ತು. ಎದ್ದು ನಿಂತು ಇದು ಸರದಿ ಕಣೋ ಅನ್ನಬಹುದಿತ್ತು. ಮಾಲೀಕರು ಪಕ್ಕದವರಿಗೆ, ‘ಯಾರೀ ಹುಡುಗ, ಏನು ಚೆನ್ನಾಗಿ ಮಾತಾಡ್ತಾನೆ’ ಅಂದರು. ನನ್ನ ತಮ್ಮನ ಮಗ ಎಂದು ಹೊಟ್ಟೆಯೊಳಗೆ ಹಾಲು ಹೊಯ್ದ ಹಾಗಾಯಿತು. ಆ ಹಾಲು ಕುಡಿದು ಸುಮ್ಮನೆ ಕೂತೆ.

ಇದರ ಜೊತೆ ಲಕೋಟೆ ಇದೆ. ಒಳಗಿರುವುದು ನಿನ್ನ ಪತ್ರವಲ್ಲ, ನನ್ನದು. ಸಿಸ್ಟರ್ ಕಲಿಸಿದ ಇಂಗ್ಲಿಷ್, ಒಂದೂವರೆ ಪುಟ. ಅಂಟಿಸಿ ಮೇಲೆ ಅಡ್ಡಲಾಗಿ ಸಹಿ ಹಾಕಿದ್ದೇನೆ. ಏನು ಬರೆದಿದೆ ಎಂದು ಕೇಳಬೇಡ. ಒಡೆದು ನೋಡಿದರೆ ಕಸ. ಕಳುಹಿಸುವುದು, ಬಿಡುವುದು ನಿನಗೆ ಬಿಟ್ಟದ್ದು. ನಾನು ಸಲಹೆ ಕೊಡುವವಳಲ್ಲ.

ರುಮೊಂದಾಂಗ್


ಜಕಾರ್ತಾ
೯ ಏಪ್ರಿಲ್ ೧೯೯೬

ಪ್ರೀತಿಯ ನಾಂಬೋರು,

ನಾಲ್ಕು ತಿಂಗಳಾಯಿತು ನಿಮಗೆ ಬರೆದು. ಜನವರಿಯಲ್ಲಿ ಲಾಮ್ರಿಯಾಳ ಮದುವೆಯಲ್ಲಿ ನೀವು ನನ್ನ ಹೆಗಲಿಗೂ ಒಂದು ಉಲೋಸ್ ಶಾಲು ಹೊದಿಸಿದಿರಿ, ಮುಖ ಮಾತ್ರ ನೋಡಲಿಲ್ಲ. ನಮ್ಮ ಕಡೆಯ ಮಾತುಗಾರ ಧ್ವನಿವರ್ಧಕದಲ್ಲಿ ನನ್ನ ಹೆಸರು ಕರೆದಾಗಲೆಲ್ಲ ಆ ಮೂರು ಅಕ್ಷರ ಸೇರಿಸುತ್ತಿದ್ದ. ಏಳು ಸಲ. ಪ್ರತಿ ಸಲವೂ ಅಪ್ಪ ಎದೆ ಉಬ್ಬಿಸಿ ಸುತ್ತ ನೋಡುತ್ತಿದ್ದರು. ನಾನು ಹಂದಿಮಾಂಸದ ತಟ್ಟೆಯನ್ನೇ ನೋಡುತ್ತಿದ್ದೆ.

ನಿಮ್ಮ ಲಕೋಟೆಯನ್ನು ಒಂದು ವಾರ ಮೇಜಿನ ಮೇಲಿಟ್ಟುಕೊಂಡಿದ್ದೆ. ದೀಪಕ್ಕೆ ಹಿಡಿದು ನೋಡಿದೆ, ನೀವು ಒಳಗೆ ಸಾಬೂನಿನ ದಪ್ಪ ಕಾಗದ ಸುತ್ತಿದ್ದಿರಿ. ಬೇರೆ ಗಿರಾಕಿಯ ಪತ್ರ ತರಿಸಬಹುದಿತ್ತು, ಸುರಬಾಯಾದ ಬಿಸ್ಕತ್ತಿನವರು ಏನು ಕೊಟ್ಟರೂ ಸಹಿ ಹಾಕುತ್ತಿದ್ದರು. ಯಾಕೋ ನಿಮ್ಮದನ್ನೇ ಹಾಕಿ ಕಳುಹಿಸಿದೆ. ಧೈರ್ಯ ಎನ್ನಬೇಡಿ. ನಿಮ್ಮ ಸಹಿ ಮುರಿಯಲು ಕೈ ಬರಲಿಲ್ಲ.

ಫೆಬ್ರವರಿಯಲ್ಲಿ ಇಲ್ಲಿನ ದೊಡ್ಡ ಹೋಟೆಲೊಂದರಲ್ಲಿ ಸಂದರ್ಶನವಾಯಿತು. ಶಾಲೆಯವರು ಕಳುಹಿಸಿದ ಇಂಗ್ಲಿಷಿನವರೊಬ್ಬರು ಬಂದಿದ್ದರು. ನಲವತ್ತು ನಿಮಿಷ ಚೆನ್ನಾಗಿ ನಡೆಯಿತು. ಕೊನೆಯಲ್ಲಿ ಕಡತದಿಂದ ನಿಮ್ಮ ಪತ್ರ ತೆಗೆದು, ‘ಇಂಥ ಶಿಫಾರಸು ನಾನು ಓದಿಯೇ ಇಲ್ಲ’ ಎಂದರು. ಮಹಾರಾಣಿ, ಚಪ್ಪಾಳೆ, ಒಡೆದ ಬೆರಳು, ನಿಮ್ಮ ತಪ್ಪು, ನನ್ನ ತಪ್ಪು, ನಾವು ಸಂಬಂಧಿಕರೆಂಬುದೂ ಸೇರಿ ಎಲ್ಲವೂ ಅದರಲ್ಲಿತ್ತು. ಕಡೆಯ ಸಾಲನ್ನು ಗಟ್ಟಿಯಾಗಿ ಓದಿದರು. ‘ಆ ಇಪ್ಪತ್ತನಾಲ್ಕು ಹೆಂಗಸರಲ್ಲಿ ಒಬ್ಬಳ ಹೆಸರನ್ನು ಅವನಿಂದ ಕೇಳಿ. ಹೇಳಿದರೆ ಸೇರಿಸಿಕೊಳ್ಳಿ. ಹೇಳದಿದ್ದರೆ ಬೇಡ.’ ಆಮೇಲೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ನಿಮ್ಮ ಕಾಗದಗಳೆಲ್ಲ ನೆನಪಿಗೆ ಬಂದವು. ಕುಳ್ಳಿ, ಒಂಬತ್ತನೇ ಮೇಜು, ಕರಿದ ಬಾಳೆಹಣ್ಣು. ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಗೊತ್ತಿಲ್ಲ ಎನ್ನಬಾರದು, ಅದು ನಮಗೆ ಮೊದಲ ವಾರ ಕಲಿಸುವ ಇನ್ನೊಂದು ಪಾಠ. ಗಿರಾಕಿ ಏನು ಕೇಳಿದರೂ ತಡವರಿಸದೆ ಒಂದು ಅಂಕಿ ಹೇಳಬೇಕು, ಆಮೇಲೆ ಹುಡುಕಿಕೊಂಡರಾಯಿತು. ನಾನು ತಡವರಿಸಲಿಲ್ಲ. ‘ಸುಮಾರ್ನಿ’ ಅಂದೆ. ಅವರು ಬರೆದುಕೊಂಡರು. ತನ್ನ ಸೋಲನ್ನೇ ಹೇಳುವ ಗಿರಾಕಿಯನ್ನು ಆರಿಸಿಕೊಂಡ ಹುಡುಗನನ್ನು ಮೊದಲ ಸಲ ನೋಡುತ್ತಿದ್ದೇನೆ, ಇದನ್ನೇ ನಾವು ನಾಯಕತ್ವ ಅನ್ನುತ್ತೇವೆ ಎಂದು ಕೈಕುಲುಕಿದರು.

ನಿನ್ನೆ ಪತ್ರ ಬಂತು. ಸೀಟು ಸಿಕ್ಕಿದೆ. ಅಪ್ಪನಿಗೆ ಫೋನ್ ಮಾಡಿದೆ. ಕಾರ್ಡಿನಲ್ಲಿ ಇತ್ತಲ್ಲ, ಗೊತ್ತಿತ್ತು ಎಂದರು.

ಕಚೇರಿಯಲ್ಲಿ ಎಲ್ಲರೂ ಅಭಿನಂದಿಸುತ್ತಿದ್ದಾರೆ. ಯಾರಿಗೂ ಹೇಳಲಾಗದ್ದನ್ನು ನಿಮಗೆ ಬರೆಯುತ್ತಿದ್ದೇನೆ. ಸುಮಾರ್ನಿ ಎನ್ನುವವಳು ಅವರಲ್ಲಿ ಒಬ್ಬಳಾದರೂ ಇದ್ದಳೇ? ಇದ್ದಳು ಎಂದು ಒಂದು ಸಾಲು ಬರೆದರೆ ಸಾಕು. ಹೋಗಲೋ ಬೇಡವೋ ಎಂದು ನಿಮ್ಮ ಉತ್ತರ ನೋಡಿ ತೀರ್ಮಾನಿಸುತ್ತೇನೆ.

ನಿಮ್ಮ,
ಬಿನ್ಸಾರ್


ಮೆದಾನ್
೨೧ ಏಪ್ರಿಲ್ ೧೯೯೬

ಅಪ್ಪಾ ಬಿನ್ಸಾರ್,

ನಿನ್ನ ಕಾಗದ ಓದಿ ಮೊದಲು ಬಾಯಿಗೆ ಬಂದಂತೆ ಬೈದೆ. ನಿನ್ನನ್ನಲ್ಲ, ಆ ಇಂಗ್ಲಿಷಿನವನನ್ನು. ಮುಳ್ಳು ಹಾಕಿ ಬೇಲಿ ಕಟ್ಟಿದರೆ ಮುಳ್ಳನ್ನೇ ತಿಂದು ಚಪ್ಪರಿಸಿದನಲ್ಲ. ಅವರ ಹೊಟ್ಟೆಗೆ ಸೋಲೂ ಜೀರ್ಣವಾಗುತ್ತದೆ, ಬೆರಳಿನ ರಕ್ತವೂ ಜೀರ್ಣವಾಗುತ್ತದೆ.

ಆಮೇಲೆ ‘ಸುಮಾರ್ನಿ ಎಂದು ಯಾರೂ ಇರಲಿಲ್ಲ, ಸುಳ್ಳುಗಾರ’ ಎಂದು ಬರೆಯಲು ಕೂತೆ. ಬರೆಯುತ್ತಿದ್ದ ಕೈ ಅಲ್ಲಿಯೇ ನಿಂತಿತು. ಇರಲಿಲ್ಲ ಎನ್ನಲು ನನಗೆ ಗೊತ್ತಿರಬೇಕಲ್ಲ.

ಬೇರೆ ಹಾಳೆ ತೆಗೆದು ಹೆಸರು ಬರೆಯುತ್ತಾ ಹೋದೆ. ಹನ್ನೊಂದು ಬಂದವು, ಅವು ನಮ್ಮ ಚರ್ಚಿನವರವು. ಉಳಿದ ಹದಿಮೂರು ಜನ ನನಗೆ ಹಲ್ಲುಬ್ಬಿ, ಉದ್ದಜಡೆ, ಮೂರನೇ ಮೇಜಿನ ಬಾಯಿಬಡುಕಿ, ಕುಳ್ಳಿ. ಅವರನ್ನು ಕಳುಹಿಸಿದ ದಿನ ನಾನು ರಜೆ ಹಾಕಿ ಸಿಯಾಂತಾರ್‌ಗೆ ಯಾರದೋ ಮದುವೆಯ ಊಟಕ್ಕೆ ಹೋಗಿದ್ದೆ, ಇದನ್ನು ನಿನಗೆ ಹೇಳಿರಲಿಲ್ಲ. ಪ್ರತಿ ಮೇಜಿನವರೂ ತಮ್ಮಲ್ಲಿ ಯಾರು ಹೋಗಬೇಕೆಂದು ಸಾಬೂನಿನ ಕಾಗದದ ಚೀಟಿ ಎತ್ತಿ ತಾವೇ ತೀರ್ಮಾನಿಸಿಕೊಂಡರಂತೆ. ಮರುದಿನ ನನ್ನ ಮುಂದೆ ಒಂದು ಹಾಳೆ ಇಟ್ಟರು. ಅದರಲ್ಲಿ ಹೆಸರಿರಲಿಲ್ಲ, ಹಾಜರಿ ಕಾರ್ಡಿನ ಸಂಖ್ಯೆ ಮಾತ್ರ. ನಿನ್ನ ದೊಡ್ಡ ಮನುಷ್ಯ ಫೋನಿನಲ್ಲಿ ಮಾತಾಡುತ್ತಾ ಸಹಿ ಗೀಚಿದ ಎಂದು ಬರೆದಿದ್ದೆಯಲ್ಲ. ನಾನು ಕಾಫಿ ಕುಡಿಯುತ್ತಾ ಗೀಚಿದೆ.

ನಿಮ್ಮ ಕಂಪನಿಯಿಂದ ಹೊಸ ಅನಲಿಸ್ಟ್ ಬಂದಿದ್ದಾಳೆ, ಸ್ಟಾಪ್‌ವಾಚ್ ಸಮೇತ. ಅವಳಿಗೊಂದು ಸ್ಟೂಲ್ ಹಾಕಿ ಒಂದೇ ಮೇಜಿನ ಹತ್ತಿರ ಬೆಳಗಿನಿಂದ ಊಟದ ಗಂಟೆಯವರೆಗೆ ಕೂರಿಸಿದೆ. ಏಳಲು ಹೋದಾಗಲೆಲ್ಲ ಹೆಗಲು ಒತ್ತಿ ಕೂರಿಸಿದೆ. ಕೊನೆಗೆ ಅವಳೇ ಎದ್ದು ಬಂದು, ‘ಬು, ಇವ್ರ ಕೈಗೆ ಬಿಡುವೇ ಇಲ್ವಲ್ಲ’ ಅಂದಳು. ನಿನಗಿಂತ ವಾಸಿ. ಅವಳಿಗೂ ಆ ಶಾಲೆ ಬೇಕಂತೆ.

ನಿನ್ನೆ ಗೇಟಿನ ಹೊರಗೆ ಹೋಗಿ ಕುಳ್ಳಿಯ ಬಾಣಲೆಯ ಮುಂದೆ ನಿಂತೆ. ಎರಡು ಬಾಳೆಹಣ್ಣು ಕೊಡಲು ಹೇಳಿ, ಆಮೇಲೆ ಕೇಳಿದೆ. ‘ನಿನ್ನ ಹೆಸರೇನಮ್ಮಾ?’

ಅವಳು ಜಾಲರಿಯಿಂದ ಎಣ್ಣೆ ಸೋರುವವರೆಗೂ ಕಾದಳು. ‘ಹನ್ನೆರಡು ವರ್ಷ ಕುಳ್ಳಿ ಅಂತಲೇ ಕರೆದ್ರಲ್ಲ ಬು. ಅದನ್ನೇ ಬರ್ಕೊಳ್ಳಿ,’ ಅಂದಳು. ಪೊಟ್ಟಣ ಕಟ್ಟಿ ಕೈಗಿಟ್ಟು, ನನ್ನ ಹಿಂದೆ ನಿಂತಿದ್ದವನಿಗೆ ಎಷ್ಟು ಬೇಕು ಎಂದು ಕೇಳಿದಳು. ಅವಳ ಬೆರಳುಗಳಲ್ಲಿ ಮಾತ್ರ ಒಂದು ಸೀಳೂ ಇರಲಿಲ್ಲ.

ಆದ್ದರಿಂದ ಅವಳೇ ಸುಮಾರ್ನಿಯೋ ಅಲ್ಲವೋ ನನಗೆ ತಿಳಿಯದು. ನೀನು ಸುಳ್ಳು ಹೇಳಿದೆಯೋ ಇಲ್ಲವೋ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಹೋಗುವುದು ಬಿಡುವುದು ನೀನೇ ತೀರ್ಮಾನಿಸು, ನನ್ನ ಸಾಲಿಗೆ ಕಾಯಬೇಡ.

ಹೋಗುವುದಾದರೆ ಆ ಶಾಲೆಯಲ್ಲಿ ನನಗೂ ಒಂದು ಸೀಟು ಇದೆಯೇ ಕೇಳು. ಅವರು ಕಲಿಸುವುದೆಲ್ಲ ನನಗೆ ಆಗಲೇ ಬರುತ್ತದೆ. ಶಿಫಾರಸು ಪತ್ರ ನಾನೇ ಬರೆದುಕೊಳ್ಳುತ್ತೇನೆ. ನೀನು ಸಹಿ ಹಾಕಿದರೆ ಸಾಕು, ಎರಡು ನಿಮಿಷದ ಕೆಲಸ.

ನಿನ್ನ ನಾಂಬೋರು,
ರುಮೊಂದಾಂಗ್